ಸುಳ್ಳು ಒಪ್ಪತ್ತು

ತಿಪಟೂರಿಗೆ ಹೊರಟ ಬಸ್ಸಿನ ಕಿಟಕಿ ಪಕ್ಕ ಕೂತು ಸುನಂದಾ ತಾನು ಬರೆದ ದೂರನ್ನು ನಾಲ್ಕನೇ ಸಲ ಓದಿದಳು. ಅಕ್ಷರ ದುಂಡಗಿತ್ತು, ಎಲ್ಲೂ ಚಿತ್ತಿರಲಿಲ್ಲ. ಚೆನ್ನಾಗಿಯೇ ಬರೆದಿದ್ದೇನೆ ಅನ್ನಿಸಿತು. ದೂರನ್ನು ಪ್ರಬಂಧದ ಹಾಗೆ ಮೆಚ್ಚಿಕೊಳ್ಳುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು, ಆದರೂ ಮೆಚ್ಚುಗೆ ಹೋಗಲಿಲ್ಲ. ಕೊಬ್ಬರಿ ಪುಡಿ ಮಾಡುವ ಕಾರ್ಖಾನೆಯಲ್ಲಿ ಅವಳಿಗೆ ಹದಿನಾರು ವರ್ಷ ಆಗಿದೆ, ಅದರಲ್ಲಿ ಒಂಬತ್ತು ವರ್ಷ ರುಚಿ ಮೇಜಿನ ಮೇಲ್ವಿಚಾರಕಿಯಾಗಿ. ಇಷ್ಟು ವರ್ಷ ಅವಳು ಬರೆದದ್ದೆಲ್ಲ ಲಾಟಿನ ನಂಬರು, ಅದರ ಮುಂದೆ ‘ಒಳ್ಳೆಯದು’ ಇಲ್ಲವೇ ‘ಕಮಟು’, ಕೆಳಗೊಂದು ಸಹಿ. ‘ಮಾನ್ಯರೇ’ ಎಂದು ಶುರುಮಾಡಿದ್ದು ಇದೇ ಮೊದಲು. ‘ಹೋದ ವಾರ ಸೋಮವಾರ ಬೆಳಿಗ್ಗೆ ರುಚಿ ಮೇಜಿನಲ್ಲಿ ಶಿಫ್ಟ್ ಇನ್‌ಚಾರ್ಜ್ ರವೀಂದ್ರ ಅವರು, ಹೊಸದಾಗಿ ಸೇರಿರುವ ಮಧುಶ್ರೀ ಅವರ ಜಾತಿಯನ್ನು ಹಿಡಿದು ಹಂಗಿಸುವ ಮಾತಾಡಿದರು. ಎಲ್ಲರೂ ನಕ್ಕರು. ಇಂಥ ಮಾತು ನಮ್ಮ ಕಾರ್ಖಾನೆಗೆ ಶೋಭೆಯಲ್ಲ.’ ಶೋಭೆ ಎಂಬ ಪದ ತನ್ನ ಕೈಗೆ ಎಲ್ಲಿಂದ ಬಂತೋ ಅವಳಿಗೇ ತಿಳಿಯದು. ಹನ್ನೊಂದು ದಿನ ಒಳಗೇ ಕುಟುಕುತ್ತಿದ್ದದ್ದು ಒಂದು ಹಾಳೆಯಲ್ಲಿ ಹಿಡಿಸಿತ್ತು. ಇವತ್ತು ಶುಕ್ರವಾರ, ಹತ್ತು ಗಂಟೆಗೆ ಮ್ಯಾನೇಜರ್ ರಂಗನಾಥ್ ಅವರ ಕೈಗೆ ಕೊಟ್ಟುಬಿಡುವುದು. ಆಮೇಲೆ ರವೀಂದ್ರ ತನ್ನ ಮುಖ ನೋಡದಿದ್ದರೆ ನೋಡದಿರಲಿ. ಕಾಗದವನ್ನು ಮಡಚಿ ಊಟದ ಡಬ್ಬಿಯ ಅಡಿಗೆ ಇಟ್ಟಳು, ಎಣ್ಣೆ ತಾಗೀತೆಂದು ಮತ್ತೆ ತೆಗೆದು ಬ್ಯಾಗಿನ ಜಿಪ್ಪಿನೊಳಗೆ ಸೇರಿಸಿದಳು.

ರುಚಿ ಮೇಜು ಅಂದರೆ ಹೊರಗಿನವರಿಗೆ ನಗು. ಕೂತು ಕೊಬ್ಬರಿ ತಿನ್ನೋಕೂ ಸಂಬಳವೇನೇ ಎಂದು ಗಂಡ ದಯಾನಂದನೇ ಎಷ್ಟೋ ಸಲ ಕೆಣಕಿದ್ದಾನೆ. ಲಾಟು ಬಂದರೆ ಚೀಲಕ್ಕೊಂದು ಕೊಬ್ಬರಿ ಆರಿಸಿ, ಎರಡು ಹೋಳು ಮಾಡಿ, ಕಣ್ಣಿನ ಬದಿಯಿಂದ ತೆಳ್ಳಗೆ ಕೊಯ್ದು ಅಗಿದು ನೋಡಬೇಕು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಗೆ ಎಲ್ಲಾದರೂ ತೇವ ತಾಗಿದ್ದರೆ ಯಂತ್ರಕ್ಕಿಂತ ಮೊದಲು ನಾಲಿಗೆಗೆ ಗೊತ್ತಾಗುತ್ತದೆ. ಕೊಯ್ದವರು ತಾವೊಂದು ಚೂರು ಬಾಯಿಗೆ ಹಾಕಿಕೊಂಡು ಮಿಕ್ಕ ಚೂರುಗಳನ್ನು ಸುತ್ತ ನಿಂತವರ ಅಂಗೈಗೆ ಇಡುವುದು ಹಳೇ ಮಂಡಿಯವರಿಂದ ಬಂದ ರೂಢಿ. ಒಂದೇ ಕಾಯಿಯನ್ನು ಎಲ್ಲರೂ ಅಗಿದ ಮೇಲೆ ಇಬ್ಬರ ಸಹಿ, ಕೊಯ್ದವರದು ಮತ್ತು ಮೇಲ್ವಿಚಾರಕಿಯದು. ಆ ಸೋಮವಾರ ಮಧುಶ್ರೀ ಮೊದಲ ಸಲ ಚಾಕು ಹಿಡಿದಿದ್ದಳು. ಕೆಂಕೆರೆ ಕಡೆಯಿಂದ ಬರುವ ಇಪ್ಪತ್ತನಾಲ್ಕರ ಹುಡುಗಿ, ಆಹಾರ ವಿಜ್ಞಾನ ಓದಿದವಳು, ಪರೀಕ್ಷೆಗೆ ಕೂತ ಮೂವತ್ತು ಜನರಲ್ಲಿ ಮೊದಲು ಬಂದವಳು. ಕೈಗೆ ಗ್ಲೌಸು ಹಾಕಿ, ಎಲೆಯಷ್ಟು ತೆಳ್ಳಗೆ ಕೊಯ್ದು, ಅಗಿದು, ಕಣ್ಣು ಮುಚ್ಚಿ ಒಂದು ಕ್ಷಣ ನಿಂತು, ಚೂರನ್ನು ರವೀಂದ್ರನ ಅಂಗೈಗೆ ಇಟ್ಟಳು. ಅವನು ಅದನ್ನು ನಿಧಾನವಾಗಿ ಮೇಜಿನ ಅಂಚಿಗೆ ಇಟ್ಟು, “ನಂದಿವತ್ತು ಒಪ್ಪತ್ತು ಕಣಮ್ಮ,” ಅಂದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅವಳು ಇನ್ನೊಂದು ಕಾಯಿ ತರಲು ತಿರುಗಿದಳೋ ಇಲ್ಲವೋ, “ನೋಡಿದ್ರಾ ಸುನಂದಕ್ಕ, ರುಚಿ ನೋಡಾಕೂ ಕೋಟಾ ಬಂದ್‌ಬುಡ್ತು. ಇನ್ಮೇಲೆ ಕಾಲೋನಿಯೋರು ಹೂಂ ಅಂದ್ರೇನೇ ನಮ್ ತೋಟದ ಕೊಬ್ಬರಿ ಒಳ್ಳೇದು,” ಅಂದ. ಮೆಲ್ಲಗೇನೂ ಹೇಳಲಿಲ್ಲ. ಮಧುಶ್ರೀಯ ಬೆನ್ನು ಮೂರು ಮಾರು ದೂರದಲ್ಲಿತ್ತು. ಆಗ ನಗು ಬಂತು. ತೂಕದ ಗಂಗರಾಜು ಮೊದಲು ನಕ್ಕ, ಆಮೇಲೆ ಉಳಿದವರು, ತಾನೂ. ಸುನಂದಾಳ ನೆನಪಿನಲ್ಲಿ ಅದು ಹಾಗೇ ಇತ್ತು, ಗಂಗರಾಜುವಿನ ಗೊಗ್ಗರು ನಗು, ಅದರ ಹಿಂದೆ ಎಲ್ಲರದು.

ಸುನಂದಾಳ ಚಿಕ್ಕಂದಿನಲ್ಲಿ ಕಾಲೋನಿಯಿಂದ ಕೆಲಸಕ್ಕೆ ಬರುತ್ತಿದ್ದ ಮಾಯಣ್ಣ ಕೂಡ, ಕಾಯಿ ಕಿತ್ತು ಮುಗಿಸಿ ಬಂದಾಗ, ಮಧುಶ್ರೀಯ ಹಾಗೆ ಕಣ್ಣು ಮುಚ್ಚಿಕೊಂಡೇ ನೀರು ಕುಡಿಯುತ್ತಿದ್ದ. ಅವಳ ಅಪ್ಪ ಹುಚ್ಚಣ್ಣನವರ ತೋಟದಲ್ಲಿ, ಕೊಟ್ಟಿಗೆಯ ಸೂರಿನ ಮೊಳೆಗೆ ಅವನು ಕುಡಿಯುವ ತೆಂಗಿನ ಚಿಪ್ಪು ತೂಗುಬಿದ್ದಿರುತ್ತಿತ್ತು. ಅವನೇ ಇಳಿಸಿಕೊಳ್ಳಬೇಕು, ಅವನೇ ತೊಳೆದು ಸಿಕ್ಕಿಸಬೇಕು. ಮೇಲಿನಿಂದ ಟೀ ಹೊಯ್ಯುವ ಕೆಲಸ ಏಳು ವರ್ಷದ ಸುನಂದಾಳದು, ಚಿಪ್ಪಿಗೆ ಪಾತ್ರೆ ತಾಗದ ಹಾಗೆ, ಮೊಳದೆತ್ತರದಿಂದ, ಒಂದು ಹನಿಯೂ ಚೆಲ್ಲದೆ. ಅವಳಿಗೆ ಆ ಕೆಲಸದಲ್ಲಿ ಹೆಮ್ಮೆಯಿತ್ತು. ಒಂದು ದಿನ ಅವನಿಲ್ಲದಾಗ ಅದೇ ಚಿಪ್ಪಿನಲ್ಲಿ ನೀರು ತುಂಬಿಕೊಂಡು ಕುಡಿದದ್ದಕ್ಕೆ ಅಮ್ಮ ರಟ್ಟೆ ಹಿಡಿದು ತೊಟ್ಟಿಯ ಬಳಿ ಎಳೆದುಕೊಂಡು ಹೋಗಿ ತಲೆಗೆ ನೀರು ಸುರಿದಳು, ಸುರಿಯುತ್ತಾ ತಾನೂ ಅತ್ತಳು. ಅಮ್ಮ ಅತ್ತದ್ದು ಯಾಕೆಂದು ಸುನಂದಾಳಿಗೆ ಈಗಲೂ ಅರ್ಥವಾಗಿಲ್ಲ. ಎರಡು ದಿನದ ಮೇಲೆ ಮಾಯಣ್ಣ ಬಂದಾಗ ಮೊಳೆಯಲ್ಲಿ ಹೊಸ ಚಿಪ್ಪಿತ್ತು. “ಹಳೇದು ಏನಾಯ್ತವ್ವ?” ಎಂದು ಅವನು ಕೇಳಿದ. “ಒಡ್ದೋಯ್ತು,” ಅಂದಳು ಅವಳು. ಅವನು ಅವಳ ಮುಖವನ್ನೇ ನೋಡಿ, “ಚಿಪ್ಪು ಹಂಗೆಲ್ಲ ಒಡ್ಯಾಕಿಲ್ಲ ಬುಡವ್ವ,” ಎಂದು ಟೀಗೆ ಕೈ ಒಡ್ಡಿದ್ದ. ಬಸ್ಸು ನಿಂತಿತು, ಕಂಡಕ್ಟರು ಯಾರಿಗೋ ಬೈದ, ಯಾರೋ ಕೋಳಿಯ ಸಮೇತ ಹತ್ತಿದರು. ಸುನಂದಾ ಜಿಪ್ಪು ಎಳೆದು ಕಾಗದ ಅಲ್ಲೇ ಇದೆಯೇ ಎಂದು ನೋಡಿಕೊಂಡಳು.

ನಗುವಿನ ವಿಚಾರ ಹಾಗಿರಲಿ, ಆಮೇಲೆ ತಾನು ಮಾಡಿದ್ದು ಅದಕ್ಕಿಂತ ಪೆದ್ದು ಕೆಲಸ. ಆ ಸೋಮವಾರ ಮಧುಶ್ರೀ ಎರಡನೇ ಕಾಯಿಯ ಚೂರನ್ನು ಸುನಂದಾಳ ಅಂಗೈಗೆ ಇಟ್ಟಾಗ ರವೀಂದ್ರ ಹುಬ್ಬು ಕುಣಿಸುತ್ತಾ ನೋಡುತ್ತಿದ್ದ. “ನಂದೂ ಸೋಮವಾರ ಕಣೇ,” ಎಂದು ಬಾಯಿ ತಾನಾಗಿ ಆಡಿತು. ಚೂರನ್ನು ಅವನ ಚೂರಿನ ಪಕ್ಕಕ್ಕೇ ಇಟ್ಟಳು. ಮಧುಶ್ರೀ ಎರಡು ಚೂರುಗಳನ್ನೂ ನೋಡಿದಳು, ಪುಸ್ತಕ ತೆಗೆದು ‘ಒಳ್ಳೆಯದು’ ಎಂದು ಬರೆದು ಸಹಿ ಹಾಕಿ ಇತ್ತ ತಳ್ಳಿದಳು. ಸುನಂದಾಳೂ ಸಹಿ ಹಾಕಿದಳು. ಸುಳ್ಳಿನ ಕಷ್ಟ ಶುರುವಾದದ್ದು ಮಧ್ಯಾಹ್ನ. ಅಂದು ಅವಳು ಚಿತ್ರಾನ್ನ ತಂದಿದ್ದಳು, ಕಡಲೆಬೀಜ ಹಾಕಿದ್ದು, ಮಾವಿನಕಾಯಿ ತುರಿದದ್ದು. ಒಪ್ಪತ್ತಿನವಳು ಎಲ್ಲರೆದುರು ಡಬ್ಬಿ ಬಿಚ್ಚುವುದು ಹೇಗೆ? ಬಾಳೆಹಣ್ಣು ತಿಂದು ನೀರು ಕುಡಿದು, ಸಂಜೆ ಬಸ್ಸಿನಲ್ಲಿ ಸೆರಗು ಮರೆಮಾಡಿಕೊಂಡು ತಣ್ಣಗಾದ ಚಿತ್ರಾನ್ನವನ್ನು ಕೈಯಲ್ಲೇ ತಿಂದಳು, ಕದ್ದವಳ ಹಾಗೆ. ಮಂಗಳವಾರಕ್ಕೆ ಹಲ್ಲುನೋವು ಬಂತು. ಬುಧವಾರ ಚೂರನ್ನು ಅಂಗೈಯಲ್ಲಿ ಹಿಡಿದೇ ಫೋನು ಬಂದವಳಂತೆ ಹೊರಗೆ ಹೋಗಿ ಬಕೆಟ್ಟಿಗೆ ಹಾಕಿ ಬಂದಳು. ಗುರುವಾರ ಗಂಗರಾಜುವಿಗೂ ರಾಯರ ಒಪ್ಪತ್ತು, ಶನಿವಾರ ಇನ್ನೊಬ್ಬರಿಗೆ. ಆ ಮೇಜಿನ ಸುತ್ತ ದಿನಕ್ಕೊಬ್ಬರು ಭಕ್ತರು ಹುಟ್ಟಿಕೊಂಡರು. ಒಟ್ಟು ಒಂಬತ್ತು ಲಾಟು ಕೊಬ್ಬರಿಯನ್ನು ಒಂದೇ ಒಂದು ನಾಲಿಗೆ ನೋಡಿತು, ಅದರ ಕೆಳಗೆ ಎರಡು ಸಹಿ ಬಿದ್ದವು. ಆ ನಾಲಿಗೆ ಎರಡು ಲಾಟಿಗೆ ಕಮಟು ಅಂತು, ಲ್ಯಾಬಿನ ರಿಪೋರ್ಟಿನಲ್ಲೂ ಕಮಟೇ ಬಂತು. ಆ ರಿಪೋರ್ಟನ್ನು ಮಧುಶ್ರೀ ಪುಸ್ತಕದ ನಡುವೆ ಇಟ್ಟಳು. ಅವಳು ಒಮ್ಮೆಯಾದರೂ ಸಿಡುಕಿದ್ದರೆ ಸುನಂದಾಳಿಗೆ ನಿರಾಳವಾಗುತ್ತಿತ್ತು. ಅವಳು ದಿನಾ ಅಷ್ಟೇ ತೆಳ್ಳಗೆ ಕೊಯ್ದು, ಅಷ್ಟೇ ಜನಕ್ಕೆ ಚೂರು ಇಡುತ್ತಿದ್ದಳು, ತಿನ್ನುವವರಿಲ್ಲ ಎಂದು ಗೊತ್ತಿದ್ದೂ, ಇಡುವಾಗ ಸುನಂದಾಳ ಮುಖವನ್ನೊಮ್ಮೆ ನೋಡುತ್ತಿದ್ದಳು.

ರವೀಂದ್ರ ಕೆಟ್ಟವನೇ? ಅದನ್ನು ಬಸ್ಸಿನಲ್ಲಿ ಕೂತು ತೀರ್ಮಾನಿಸಲು ಅವಳಿಗಾಗಲಿಲ್ಲ. ಅತ್ತೆ ಚಿಕ್ಕಗೌರಮ್ಮ ಜಾರಿ ಬಿದ್ದು ಸೊಂಟ ಮುರಿದಾಗ ತನ್ನ ಕಾರಿನಲ್ಲಿ ತುಮಕೂರಿಗೆ ಕರೆದುಕೊಂಡು ಹೋದವನು ಅವನು, ಮಗನ ಹಾಗೆ ಎತ್ತಿ ಕೂರಿಸಿದವನು. ಮನೆಗೆ ಬಂದರೆ ರೊಟ್ಟಿ ಕೇಳಿ ತಿನ್ನುವಷ್ಟು ಸಲುಗೆ. ಆ ಸಲುಗೆಯೇ ಅವಳನ್ನು ಸಿಕ್ಕಿಸಿತು. ಮೊನ್ನೆ ಬುಧವಾರ ಯಾವುದೋ ಕಾಯಿ ವಿಚಾರಕ್ಕೆ ಫೋನು ಮಾಡಿದವನು ಅತ್ತೆಯ ಹತ್ತಿರ, “ನಿಮ್ ಸೊಸೇನೂ ಸೋಮವಾರ ಹಿಡ್ದವ್ರೆ ಕಣಮ್ಮೋ,” ಎಂದು ನಕ್ಕಿದ್ದಾನೆ. ಅತ್ತೆ ನಲವತ್ತು ವರ್ಷದಿಂದ ಸೋಮವಾರ ಮಾಡುವವರು. ಸಂಜೆ ಸುನಂದಾ ಮನೆಗೆ ಹೋದರೆ ಮುದುಕಿಯ ಮುಖ ಅರಳಿತ್ತು. “ಯೋಳ್ಬಾರ್ದೇನೇ ನಂಗೆ? ಸಿವನ ಒಪ್ಪತ್ತು ಸುಮ್ಕೆ ಹಿಡ್ಯಾಕಾಗಲ್ಲ. ಹಿಡುದ್‌ಮ್ಯಾಕೆ ಐದೊರ್ಸ ಬುಡಂಗಿಲ್ಲ. ಬರೋ ಸೋಮವಾರ ಇಬ್ರೂ ಒಟ್ಗೇ ಪೂಜೆ ಮಾಡಾನ,” ಎಂದು ತಮ್ಮ ಪೆಟ್ಟಿಗೆಯಿಂದ ಒಂದು ರುದ್ರಾಕ್ಷಿ ತೆಗೆದು ಅವಳ ಕೈಗಿಟ್ಟರು. ಸುನಂದಾಳಿಗೆ ತಡೆಯಲಾಗಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ಕುಸಿದು ಕೂತು ಎಲ್ಲ ಹೇಳಿಬಿಟ್ಟಳು, ಮಧುಶ್ರೀ, ಚೂರು, ರವೀಂದ್ರನ ಮಾತು, ಚಿತ್ರಾನ್ನ. ಅತ್ತೆ ತನ್ನನ್ನು ಸಮಾಧಾನ ಮಾಡಬಹುದು ಎಂದುಕೊಂಡಿದ್ದಳು. ಮುದುಕಿ ರುದ್ರಾಕ್ಷಿಯನ್ನು ವಾಪಸು ತೆಗೆದುಕೊಂಡು ಸೆರಗಿಗೆ ಒರೆಸಿದರು. “ಅವ್ಳ ಕೈಯಿಂದ ತಿನ್ನಾಕೆ ಇಷ್ಟ ಇಲ್ದಿದ್ರೆ ಇಲ್ಲ ಅನ್ಬೇಕಿತ್ತು. ನಿನ್ ಪುಕ್ಕಲುತನಕ್ಕೆ ದೇವ್ರನ್ ಯಾಕ್ ಎಳ್ದೇ?” ಅತ್ತೆಗೆ ಜಾತಿಯ ವಿಚಾರ ತಲೆಗೇ ಹೋಗಿರಲಿಲ್ಲ, ಹೋಗುವಂಥದ್ದೂ ಅಲ್ಲ. ಆದರೆ ಪುಕ್ಕಲುತನ ಎಂಬ ಮಾತು ಸರಿಯಾಗಿ ಬಂದು ತಾಗಿತು. ನಿನ್ನೆ ಸಂಜೆ ಒಲೆಯ ಮೇಲೆ ಬೇಳೆ ಬೇಯುತ್ತಿದ್ದಾಗಲೇ ಸುನಂದಾ ಹಾಳೆ ತೆಗೆದುಕೊಂಡು ಕೂತಳು.

ಕಾರ್ಖಾನೆಯ ಒಳಗೆ ಬಂದರೆ ಎಂದಿನ ಸಿಹಿ ವಾಸನೆ, ಎಂದಿನ ಸದ್ದು. ನೀರಿನ ಫಿಲ್ಟರಿನ ಪಕ್ಕದ ಗೋಡೆಯಲ್ಲಿ, ಹೊರದೇಶದ ಗಿರಾಕಿಗಳು ಅಂಟಿಸಲು ಹೇಳಿದ್ದ ಚೀಟಿಯೊಂದಿದೆ. ಮೇಲುಕೀಳಿನ ಮಾತು ಕೇಳಿದರೆ ಕಚೇರಿಗೆ ತಿಳಿಸಿ ಎಂದು ಕನ್ನಡದಲ್ಲೇ ಅಚ್ಚಾಗಿದೆ. ಮೂರು ವರ್ಷದಿಂದ ಅದರ ಮೇಲೆ ಗೊಬ್ಬರದ ಅಂಗಡಿಯ ಕ್ಯಾಲೆಂಡರು ತೂಗುತ್ತಿದೆ. ಸುನಂದಾ ಇವತ್ತು ಕ್ಯಾಲೆಂಡರನ್ನು ಸ್ವಲ್ಪ ಎತ್ತಿ ನೋಡಿದಳು. ಹಿಂದಿನಿಂದ ರವೀಂದ್ರ, “ಏನ್ ಸುನಂದಕ್ಕ, ಏಕಾದಶಿ ಯಾವತ್ತು ಅಂತ ನೋಡ್ತಿದೀರಾ? ನಿಮ್ ಭಕ್ತಿ ಜಾಸ್ತಿ ಆಯ್ತು ಬುಡಿ,” ಎಂದು ನಕ್ಕ. ಅವಳು ತಿರುಗಿ ಅವನ ಮುಖ ನೋಡಿದಳು. ಮೂವತ್ತೆಂಟರ ತುಂಬು ಮುಖ, ನಗುವಾಗ ಕಣ್ಣು ಮುಚ್ಚಿಹೋಗುತ್ತದೆ. ಅವನಿಗೆ ಎಲ್ಲ ಗೊತ್ತಿತ್ತು, ಅವಳ ಒಪ್ಪತ್ತು ಸುಳ್ಳೆಂದು ಅವನಿಗೆ ಮೊದಲ ದಿನದಿಂದಲೇ ಗೊತ್ತಿತ್ತು, ಅದಕ್ಕೇ ಅತ್ತೆಗೆ ಹೇಳಿ ನಕ್ಕದ್ದು. ಈ ಹನ್ನೊಂದು ದಿನ ಅವನು ಮಧುಶ್ರೀಯನ್ನು ನೋಡಿ ನಕ್ಕದ್ದಕ್ಕಿಂತ ತನ್ನನ್ನು ನೋಡಿ ನಕ್ಕದ್ದೇ ಹೆಚ್ಚು ಎಂದು ಅವಳಿಗೆ ಆಗ ಹೊಳೆಯಿತು. “ನಾನು ಯಾವ ಒಪ್ಪತ್ತೂ ಮಾಡ್ತಿಲ್ಲ ಕಣಪ್ಪ ರವೀಂದ್ರ,” ಅಂದಳು, ಅಕ್ಕಪಕ್ಕದವರಿಗೂ ಕೇಳುವ ಹಾಗೆ. ಅವನ ನಗು ಅರ್ಧಕ್ಕೆ ನಿಂತಿತು. ಅವಳು ಮೆಟ್ಟಿಲು ಹತ್ತಿದಳು. ಇಷ್ಟು ಸಲೀಸಾಗಿ ಕಾಲು ಎತ್ತಿಟ್ಟು ಎಷ್ಟೋ ದಿನವಾಗಿತ್ತು.

ರಂಗನಾಥ್ ಅವರು ಕಾಗದವನ್ನು ಎರಡು ಸಲ ಓದಿದರು. ಒಳ್ಳೆಯ ಮನುಷ್ಯ, ತಕರಾರು ಅಂದರೆ ಹಿಂದೆ ಸರಿಯುವವರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಸುನಂದಾ ನೆಟ್ಟಗೆ ಕೂತಿದ್ದಳು. ಪಾಪದ ಹುಡುಗಿ, ತಾನಾಗಿ ಬಾಯಿ ಬಿಡಲಾರಳು, ತಾನೊಬ್ಬಳಾದರೂ ಅವಳ ಪರ ನಿಂತೆ ಎಂಬ ಸಮಾಧಾನ ಅವಳ ಬೆನ್ನನ್ನು ಎತ್ತಿ ಹಿಡಿದಿತ್ತು. ಮ್ಯಾನೇಜರು ಡ್ರಾಯರು ಎಳೆದು ಇನ್ನೊಂದು ಕಾಗದ ತೆಗೆದು, ಕೊಡಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಅವಳ ಮುಂದಿಟ್ಟರು. “ಆ ಹುಡುಗಿ ಮಾರನೇ ದಿನವೇ ಕೊಟ್ಟಿದ್ದಾಳೆ. ಮುಂದಿನ ವಾರ ಆಡಿಟ್ ಇದೆಯಲ್ಲ, ಅದು ಮುಗೀಲಿ ಅಂತ ಇಟ್ಕೊಂಡಿದ್ದೆ,” ಅಂದರು. ಸುನಂದಾ ಓದಿದಳು. ನೀಲಿ ಶಾಯಿ, ಸಣ್ಣ ಅಕ್ಷರ, ಆರೇಳು ಸಾಲು. ರವೀಂದ್ರನ ಮಾತನ್ನು ಹೆಚ್ಚುಕಡಿಮೆಯಿಲ್ಲದೆ ಹಾಗೇ ಬರೆದಿದ್ದಳು. ಶೋಭೆಗೀಭೆ ಏನೂ ಇರಲಿಲ್ಲ. ಕೊನೆಗೆ ಸಾಕ್ಷಿ ಎಂದು ಬರೆದು ಅದರ ಕೆಳಗೆ: ‘ಮೇಲ್ವಿಚಾರಕಿ ಸುನಂದಾ ಮೇಡಂ. ಮೊದಲು ನಕ್ಕವರು ಅವರು. ಅವರನ್ನು ಕೇಳಿ. ಅವರು ಸುಳ್ಳು ಹೇಳಿದರೆ ಮುಖ ನೋಡಿದರೇ ಗೊತ್ತಾಗುತ್ತದೆ.’

ಮೊದಲು ನಕ್ಕವನು ಗಂಗರಾಜು ಎಂದು ಹೇಳಲು ಅವಳು ಬಾಯಿ ತೆರೆದಳು. ಆಗ ಗಂಗರಾಜು ಕಣ್ಣಿಗೆ ಕಟ್ಟಿದ, ತಕ್ಕಡಿಯ ಆಚೆ ಬಗ್ಗಿ ಚೀಲದ ಬಾಯಿ ಹೊಲಿಯುತ್ತಿದ್ದ ಗಂಗರಾಜು, ದಬ್ಬಳ ಹಲ್ಲಿನಲ್ಲಿ ಕಚ್ಚಿಕೊಂಡಿದ್ದವನು. ದಬ್ಬಳ ಕಚ್ಚಿಕೊಂಡವನು ನಗುವುದು ಹೇಗೆ? ರವೀಂದ್ರ ‘ಸುನಂದಕ್ಕ’ ಎಂದು ಅವಳನ್ನೇ ಕರೆದು ಹೇಳಿದ್ದ. ಹೇಳಿ ಅವಳ ಮುಖವನ್ನೇ ನೋಡುತ್ತಾ ಕಾದಿದ್ದ. ಮೇಲ್ವಿಚಾರಕಿ ಏನು ಮಾಡುತ್ತಾಳೋ ಎಂದು ಎಲ್ಲರೂ ಕಾದರು. ಅವಳು ನಕ್ಕಳು. ಆಮೇಲೆ ಗಂಗರಾಜು ದಬ್ಬಳ ತೆಗೆದು ನಕ್ಕ. ಅವಳು ಸುಮ್ಮನಿದ್ದಿದ್ದರೆ ಆ ಮಾತು ಅಲ್ಲೇ ಬಿದ್ದುಹೋಗುತ್ತಿತ್ತು. ಮಧುಶ್ರೀ ಬೆನ್ನು ತಿರುಗಿಸಿ ನಿಂತೇ ಅದನ್ನು ಕೇಳಿಸಿಕೊಂಡಿದ್ದಳು, ಯಾರ ಗಂಟಲು ಎಂದು ಗುರುತು ಹಿಡಿದಿದ್ದಳು. ಆ ಹುಡುಗಿ ಹತ್ತು ದಿನದಿಂದ ಚೂರು ಕೊಯ್ದು ಅಂಗೈಗೆ ಇಡುತ್ತಾ ತನ್ನ ಮುಖ ನೋಡುತ್ತಿದ್ದದ್ದು ಯಾಕೆಂದು ಸುನಂದಾಳಿಗೆ ಈಗ ಗೊತ್ತಾಯಿತು. ತುಂಬ ಅವಮಾನವಾಯಿತು. ಅಳು ಬರಲಿಲ್ಲ. ಮನಸ್ಸು ವಿಚಿತ್ರವಾಗಿ ತಿಳಿಯಾಯಿತು. “ಪೆನ್ನು ಕೊಡಿ ಸಾರ್,” ಅಂದಳು.

ತನ್ನ ಕಾಗದದಲ್ಲಿ ‘ಎಲ್ಲರೂ ನಕ್ಕರು’ ಎಂಬುದನ್ನು ಒಂದೇ ಗೀಟಿನಲ್ಲಿ ಹೊಡೆದಳು. ಹೊಡೆದ ಮೇಲೆ ಉಳಿದದ್ದೂ ಬೇಡವೆನ್ನಿಸಿತು. ಹಿಂಬದಿಗೆ ತಿರುಗಿಸಿ ಹೊಸದಾಗಿ ಬರೆಯತೊಡಗಿದಳು. ಅಕ್ಷರ ಈ ಸಲ ದುಂಡಗೆ ಬರಲಿಲ್ಲ. ರಂಗನಾಥ್ ತಲೆಕೆಳಗಾಗಿಯೇ ಓದುತ್ತಿದ್ದರು. “ಇದೇನ್ರೀ, ರುಚಿ ನೋಡದೆ ಒಂಬತ್ತು ಲಾಟಿಗೆ ಸಹಿ ಹಾಕಿದ್ದೀನಿ ಅಂತ ಬರೀತಿದೀರಿ? ನಕ್ಕಿದ್ದನ್ನಾದ್ರೆ ಏನೋ ಅನ್ಬಹುದು. ಇದನ್ನ ಫೈಲಿಗೆ ಹಾಕಿದ್ರೆ ನಿಮ್ಮನ್ನ ಆ ಮೇಜಿಂದ ಎಬ್ಬಿಸಲೇಬೇಕಾಗುತ್ತೆ. ಒಂಬತ್ತು ವರ್ಷದ ಸೀಟು.”

“ಎಬ್ಬಿಸಿ ಸಾರ್. ಆ ಹುಡುಗಿ ನಾಲಿಗೆ ನಂದಕ್ಕಿಂತ ಚೆನ್ನಾಗೈತೆ. ಪುಸ್ತಕದಾಗೆ ಐತೆ ನೋಡಿ.”

“ಒಂದು ಸಾಲು ಬಿಟ್ರೆ ಏನೂ ಆಗಲ್ಲ. ಯಾರಿಗೂ ಗೊತ್ತಾಗಲ್ಲ.”

“ಅದನ್ನ ಬುಟ್ರೆ ರವೀಂದ್ರ ಒಬ್ಬಂದೇ ತಪ್ಪಾಯ್ತದೆ ಸಾರ್. ಅವ್ನು ಬಾಯಲ್ಲಿ ಅಂದ. ನಾನು ಹನ್ನೊಂದು ದಿನ ಕೈಯಾರೆ ಮಾಡಿದೀನಿ.” ಅವಳ ದನಿ ಏರಲಿಲ್ಲ. “ಅವನನ್ನ ಈಗ್ಲೇ ಕರೀರಿ. ಮಧುಶ್ರೀನೂ ಕರೀರಿ. ಆಡಿಟ್ ಮುಗೀಲಿ ಅಂತ ಇನ್ನು ಕಾಯೋದ್ ಬ್ಯಾಡ.”

ಮ್ಯಾನೇಜರು ಅವಳನ್ನು ನೋಡಿದರು, ಡ್ರಾಯರನ್ನು ನೋಡಿದರು, ಫೋನೆತ್ತಿ ಇಬ್ಬರ ಹೆಸರನ್ನೂ ಹೇಳಿದರು. “ನೀವು ಬೇಕಾದ್ರೆ ಹೊರಗಿರಿ. ನಿಮ್ಮ ಮನೆಗೆ ಬಂದು ಹೋಗೋ ಮನುಷ್ಯ, ಮುಖಕ್ಕೆ ಮುಖ ಯಾಕೆ,” ಅಂದರು. ಸುನಂದಾ ಏಳಲಿಲ್ಲ. ಮೊದಲು ಬಂದವಳು ಮಧುಶ್ರೀ. ಗ್ಲೌಸು ಕಳಚುತ್ತಾ ಬಾಗಿಲ ಪಕ್ಕ ನಿಂತಳು, ಮೇಜಿನ ಮೇಲೆ ತನ್ನ ಕಾಗದವನ್ನೂ ಅದರ ಪಕ್ಕದ ಇನ್ನೊಂದನ್ನೂ ಕಂಡಳು. “ಕೂತ್ಕೋ,” ಎಂದು ಸುನಂದಾ ಪಕ್ಕದ ಕುರ್ಚಿ ಎಳೆದಳು. “ನಿಂತಿರ್ತೀನಿ ಮೇಡಂ,” ಅಂದಳು ಅವಳು. ಅವಳಿಗೆ ಆ ಹಕ್ಕಿದೆ ಎಂದುಕೊಂಡಳು ಸುನಂದಾ. ರವೀಂದ್ರ ಒಳಗೆ ಬಂದ. ಮೂವರನ್ನೂ ಒಂದು ಸುತ್ತು ನೋಡಿ, ಖಾಲಿ ಕುರ್ಚಿಯಲ್ಲಿ ಕೂತು, “ಏನ್ ಸುನಂದಕ್ಕ, ನನ್ ಮ್ಯಾಲೆ ಕಂಪ್ಲೇಂಟ್ ಕೊಟ್ರಂತೇನು?” ಎಂದು ನಗಲು ನೋಡಿದ.

“ನಿನ್ ಸರದಿ ಎರಡ್ನೇದು ಕಣಪ್ಪ,” ಅಂದಳು ಸುನಂದಾ. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲ ಪಕ್ಕ ನಿಂತಿದ್ದವಳ ಕಡೆ ಪೂರ್ತಿ ತಿರುಗಿ ಕೂತು, ಗಟ್ಟಿಯಾಗಿ ಓದಿದಳು: “ಮೊದಲು ನಕ್ಕವಳು ನಾನು.”